ಸಹಿ ಹಾಕುವ ಮೊದಲು ಹಿಂದಿನ ಸೀಟಿನಲ್ಲಿ ಕೂತು ನೋಡಿ



ಈ ಸಲದ ಅಂಚೆಯಲ್ಲಿ ಒಂದು ಅಪರೂಪದ ಪತ್ರ ಬಂತು. ಉಪ್ಪಿನಕಾಯಿಗೆ ಬೂಷ್ಟು ಹಿಡಿಯಿತು, ಸೊಸೆ ಮುಖ ಕೊಟ್ಟು ಮಾತಾಡೋದಿಲ್ಲ, ಮಗನಿಗೆ ಓದಿನಲ್ಲಿ ಮನಸ್ಸಿಲ್ಲ - ಈ ಪುಟಕ್ಕೆ ಸಾಮಾನ್ಯವಾಗಿ ಬರುವುದು ಇಂಥ ಪತ್ರಗಳು ತಾನೆ? ಇದು ಹಾಗಲ್ಲ. ಇದು ಕಾರಿನ ಪತ್ರ!

ಬರೆದವರು ಮಲೆನಾಡಿನ ಒಂದು ಊರಿನ ಗೃಹಿಣಿ. "ನಮ್ಮ ಮನೆಯವರದು ಅಡಿಕೆ ವ್ಯಾಪಾರ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಪ್ಪ ಮಗ ಇಬ್ಬರೂ ಸೇರಿ ಬಿ.ಎಂ.ಡಬ್ಲ್ಯೂ. ಕಂಪನಿಯ 'ಚಿಕ್ಕ' ಕಾರು ಕೊಳ್ಳಬೇಕು ಅಂತ ಹೊರಟಿದ್ದಾರೆ. ಬ್ಯಾಂಕಿನ ಸಾಲಕ್ಕೆ ನನ್ನದೂ ಸಹಿ ಬೇಕಂತೆ. ಎರಡು ಮಳಿಗೆಗಳ ಬಾಡಿಗೆ ನನ್ನ ಹೆಸರಿಗೆ ಬರುತ್ತೆ, ಅದಕ್ಕೆ. ಆ ದುಡ್ಡನ್ನು ನಾನು ಮಗಳ ಓದಿಗೆ ಅಂತ ಎತ್ತಿಟ್ಟುಕೊಂಡು ಬಂದಿದ್ದೇನೆ. ಏನಾದರೂ ಕೇಳಿದರೆ 'ಅಮ್ಮ, ನಿಂಗೆ ಕಾರಿನ ವಿಷಯ ಗೊತ್ತಾಗಲ್ಲ, ಸುಮ್ನಿರು' ಅಂತಾನೆ ಮಗ. ಬೇಡ ಅಂದರೆ ಇಬ್ಬರೂ ಮುಖ ಊದಿಸಿಕೊಳ್ಳುತ್ತಾರೆ. ಸರಿ ಅನ್ನೋಕೆ ಧೈರ್ಯ ಸಾಲದು. ನಾನು ಏನು ನೋಡಬೇಕು, ಏನು ಕೇಳಬೇಕು, ತಿಳಿಸಿ" ಎಂದು ಕೇಳಿದ್ದಾರೆ.

ಸೋದರಿ, ಮೊದಲು ಒಂದು ಮಾತು. ಸೀರೆಯ ಸೆರಗು ಹಿಡಿದು ನೋಡಿ ರೇಷ್ಮೆಯ ಬೆಲೆ ಹೇಳಬಲ್ಲವರು, ಬದನೆಕಾಯಿಯ ತೊಟ್ಟು ನೋಡಿ ಒಳಗಿನ ಹುಳ ಹಿಡಿಯಬಲ್ಲವರು ನಾವು. ನಮಗೆ ಕಾರು ಮಾತ್ರ ಅರ್ಥವಾಗುವುದಿಲ್ಲವೆ? ಇಂಜಿನಿನ ವಿದ್ಯೆ ಬೇಕಾಗಿಲ್ಲ. ಗಂಡಸರು ಕಾರನ್ನು ಸ್ಟೀರಿಂಗ್ ಹಿಂದೆ ಕೂತು ನೋಡುತ್ತಾರೆ. ನೀವು ಹಿಂದಿನ ಸೀಟಿನಲ್ಲಿ ಕೂತು ನೋಡಿ, ಆಮೇಲೆ ಮನೆಯ ಲೆಕ್ಕದ ಪುಸ್ತಕ ತೆರೆದು ನೋಡಿ. ಇವೆರಡು ಪರೀಕ್ಷೆಯಲ್ಲಿ ಗೆದ್ದ ಕಾರು ನಿಜವಾಗಿ ನಿಮ್ಮ ಮನೆಯ ಕಾರು.

ಇದು ಎಂಥ ಗಾಡಿ?

ನಿಮ್ಮ ಮಗ ಹೇಳುತ್ತಿರುವುದು 2 ಸೀರೀಸ್ ಗ್ರಾನ್ ಕೂಪೆ ಎಂಬ ಗಾಡಿ ಇರಬೇಕು. ಐಷಾರಾಮದ ಕಾರೆಂದರೆ ಆನೆಯಂಥ ಉದ್ದದ ಕಾರು ಎಂಬ ಕಾಲವೊಂದಿತ್ತು. 1982ರಲ್ಲಿ ಮರ್ಸಿಡಿಸ್ ಬೆಂಜ್ ಕಂಪನಿಯವರು 190 ಎಂಬ ಚಿಕ್ಕ ಕಾರು ತಂದರು. ಜನ ಅದನ್ನು 'ಬೇಬಿ ಬೆಂಜ್' ಅಂದರು. ದೊಡ್ಡ ಹೆಸರು, ಚಿಕ್ಕ ಮೈ, ಚುರುಕು ಓಟ - ಈ ಜಾತಿಯ ಗಾಡಿಗಳ ಗುಟ್ಟೇ ಇದು. ಗ್ರಾನ್ ಕೂಪೆ ನಮ್ಮ ದೇಶಕ್ಕೆ ಬಂದದ್ದು 2020ರ ಅಕ್ಟೋಬರಿನಲ್ಲಿ. ಇಲ್ಲಿ ಮಾರುವ ಗಾಡಿಗಳನ್ನು ಜೋಡಿಸುವುದು ಚೆನ್ನೈ ಬಳಿಯ ಕಾರ್ಖಾನೆಯಲ್ಲಿ. ಹೊಸ ರೂಪದ ಗಾಡಿ 2025ರ ಜುಲೈನಲ್ಲಿ ಬಂತು. ಆಗ ಷೋರೂಮ್ ಬೆಲೆ 46 ಲಕ್ಷ 90 ಸಾವಿರದಿಂದ ಆರಂಭವಾಗಿತ್ತು.

'ಚಿಕ್ಕ' ಅಂದೆನಲ್ಲ, ಅದನ್ನು ನಂಬಿ ಮೋಸ ಹೋಗಬೇಡಿ. ಅದರ ಉದ್ದ ನಾಲ್ಕೂವರೆ ಮೀಟರಿಗೂ ತುಸು ಹೆಚ್ಚು, ಅಗಲ 1.8 ಮೀಟರು. ನಮ್ಮ ಹಳೆಯ ಅಂಬಾಸಿಡರ್ ಇತ್ತಲ್ಲ, ಅದರ ಉದ್ದ 4.3 ಮೀಟರು, ಅಗಲ 1.66 ಮೀಟರು ಅಷ್ಟೆ. ಅಂದರೆ ಮಾವನವರ ಕಾಲದಲ್ಲಿ ಅಂಬಾಸಿಡರ್‌ಗೆಂದು ಕಟ್ಟಿಸಿದ ಷೆಡ್ಡಿನಲ್ಲಿ ಈ 'ಚಿಕ್ಕ' ಕಾರು ನಿಲ್ಲಿಸಿದರೆ ಬಾಗಿಲು ತೆರೆದು ಇಳಿಯುವುದೇ ಕಷ್ಟವಾದೀತು. ಬ್ಲೌಸಿನ ಬಟ್ಟೆ ಅಳೆಯುವ ಟೇಪು ಮನೆಯಲ್ಲೇ ಇದೆ. ಇವತ್ತೇ ಷೆಡ್ಡು ಅಳೆದು ಬರೆದಿಟ್ಟುಕೊಳ್ಳಿ.

'ಸ್ಪೋರ್ಟ್ಸ್' ಎಂಬ ಮಾತು

ಮಗನಿಗೆ ಇಷ್ಟವಾಗಿರುವುದು ಅದರ ಓಟ ಇರಬಹುದು. ಹಾಗಾದರೆ ಒಂದು ಪ್ರಶ್ನೆ ಕೇಳಿ ನೋಡಿ: "ಹೊಸದು ಹಳೆಯದಕ್ಕಿಂತ ಜೋರಾಗಿ ಓಡುತ್ತೇನಪ್ಪ?" 2020-21ರಲ್ಲಿ ಬಂದ ಗಾಡಿಗಳಲ್ಲಿ 2 ಲೀಟರಿನ ಇಂಜಿನ್, 190 ಕುದುರೆ ಶಕ್ತಿ ಇತ್ತು. ಪೆಟ್ರೋಲ್ ಗಾಡಿ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 7.1 ಸೆಕೆಂಡು ಸಾಕೆಂದು ಕಂಪನಿ ಹೇಳುತ್ತಿತ್ತು. 2025ರಲ್ಲಿ ಬಂದ ಗಾಡಿಯಲ್ಲಿ ಮೂರು ಸಿಲಿಂಡರಿನ ಒಂದೂವರೆ ಲೀಟರ್ ಪೆಟ್ರೋಲ್ ಇಂಜಿನ್, 156 ಕುದುರೆ ಶಕ್ತಿ, ಅದೇ ವೇಗಕ್ಕೆ 8.6 ಸೆಕೆಂಡು. ನೋಟ ಇನ್ನಷ್ಟು ಠೀವಿಯದಾಯಿತು, ಓಟ ಸ್ವಲ್ಪ ಇಳಿಯಿತು! ನಮ್ಮ ರಸ್ತೆಗೆ 156 ಕುದುರೆಯೇ ಧಾರಾಳ ಬಿಡಿ. ಆದರೆ ಮಗ ದುಡ್ಡು ಕೊಡುತ್ತಿರುವುದು ಓಟಕ್ಕೋ, ನೋಟಕ್ಕೋ ಎಂಬುದು ಅವನಿಗೇ ಸ್ಪಷ್ಟವಾಗಲಿ.

ಗುಣ ಇದ್ದದ್ದನ್ನು ಇದೆ ಎನ್ನಲೇಬೇಕು. ಇಂಥ ಗಾಡಿಗಳು ಹೆದ್ದಾರಿಯಲ್ಲಿ ನೆಲ ಕಚ್ಚಿಕೊಂಡು ಓಡುತ್ತವೆ. ತಿರುವಿನಲ್ಲಿ ಮೈ ವಾಲುವುದು ಕಡಿಮೆ. ಬ್ರೇಕು ಗಟ್ಟಿ. ಮುಂದಿನ ಎರಡು ಸೀಟು ಮೈಗೆ ಅಂಟಿದಂತೆ ಹಿಡಿದು ಕೂರಿಸುತ್ತವೆ. ದಿನವೂ ದೂರ ಓಡಿಸುವವರಿಗೆ ಅದು ನಿಜವಾದ ಸುಖ. ಸುಳ್ಳಲ್ಲ.

ಇನ್ನು "ಭದ್ರತೆಗೋಸ್ಕರ ಅಮ್ಮ" ಎಂಬ ವಾದ ಬಂದರೆ, ಅದೂ ನಿಜ. ಆದರೆ ಪೂರ್ತಿ ನಿಜವಲ್ಲ. ಕಾರನ್ನು ಗುದ್ದಿಸಿ ಪರೀಕ್ಷೆ ಮಾಡಿ ನಕ್ಷತ್ರ ಕೊಡುವ ಪದ್ಧತಿ ಇದೆಯಷ್ಟೆ. ಇಲ್ಲಿಯೇ ತಯಾರಾದ ಟಾಟಾ ನೆಕ್ಸಾನ್ 2018ರಲ್ಲೇ ಆ ಪರೀಕ್ಷೆಯಲ್ಲಿ 5 ನಕ್ಷತ್ರ ಪಡೆಯಿತು. 2023ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಇದೆ. ಪ್ರಾಣಕ್ಕೆ ಭದ್ರತೆ ಬೇಕೆಂದರೆ ಅರ್ಧ ಕೋಟಿಯನ್ನೇ ಸುರಿಯಬೇಕಾಗಿಲ್ಲ. ಹಿಂದೆ ಕೂತವರೂ ಬೆಲ್ಟು ಹಾಕಿಕೊಳ್ಳಬೇಕು. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಹಿಂದಿನ ಸೀಟಿನ ಪರೀಕ್ಷೆ

ಷೋರೂಮಿಗೆ ಹೋಗುವಾಗ ನಾಲ್ಕು ಕೆಲಸ ಮಾಡಿ.

ಒಂದು - ಸೀರೆ ಉಟ್ಟುಕೊಂಡೇ ಹೋಗಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಕೂಪೆ ಎಂದರೆ ಮಾಡು ಹಿಂದಕ್ಕೆ ಇಳಿಜಾರಾಗಿ ಇರುವ ಗಾಡಿ. ಅದೇ ಅದರ ಚೆಂದ, ಅದೇ ಅದರ ತೊಂದರೆ. ಸೀಟು ತಗ್ಗಿನಲ್ಲಿ ಇರುತ್ತದೆ, ಹತ್ತುವಾಗ ತಲೆ ತಗ್ಗಿಸಬೇಕು, ಇಳಿಯುವಾಗ ಮಂಡಿಯ ಮೇಲೆ ಭಾರ ಹಾಕಿ ಏಳಬೇಕು. ಮಂಡಿ ನೋವಿರುವ ಅತ್ತೆ ಮೂರು ಸಲ ಹತ್ತಿ ಇಳಿಯಲಿ. ಮಾರುವವನು ಗಡಿಬಿಡಿ ಮಾಡಿದರೆ ನೀವು ಮಾಡಬೇಡಿ.

ಎರಡು - ಹಿಂದೆ ಮೂರು ಜನ ಕೂತು ನೋಡಿ. ನಡುವೆ ಕೂತವರ ಕಾಲ ಬಳಿ ನೆಲದಲ್ಲಿ ಉಬ್ಬು ಇದೆಯೆ? ತಲೆ ಮಾಡಿಗೆ ತಾಗುತ್ತದೆಯೆ? ಕಿಟಕಿ ಕಿರಿದಾಗಿದ್ದು ಘಟ್ಟದಲ್ಲಿ ಮಕ್ಕಳಿಗೆ ತಲೆ ಸುತ್ತು, ವಾಂತಿ ಬರುವ ಹಾಗಿದೆಯೆ?

ಮೂರು - ಡಿಕ್ಕಿ. ಕಾಗದದಲ್ಲಿ 430 ಲೀಟರು ಎಂದಿರುತ್ತದೆ. ಲೀಟರು ಇದ್ದರೆ ಸಾಲದು, ಬಾಯಿಯೂ ಅಗಲವಿರಬೇಕು. ಮದುವೆಗೆ ಹೊರಟಾಗ ಒಯ್ಯುವ ದೊಡ್ಡ ಸೂಟ್‌ಕೇಸೊಂದನ್ನು ಒಯ್ದು ಇಟ್ಟು ನೋಡಿ. ಸ್ಟೆಪ್ನಿ ಎಲ್ಲಿದೆ, ಇದೆಯೋ ಇಲ್ಲವೋ ಎಂದೂ ಕೇಳಿ.

ನಾಲ್ಕು - ಓಡಿಸಿ ನೋಡುವುದು. ನುಣುಪಾದ ರಸ್ತೆಯಲ್ಲಿ ಒಬ್ಬನೇ ಓಡಿಸಿದರೆ ಯಾವ ಕಾರೂ ಚೆನ್ನವೇ. ಐದು ಜನ ಕೂತು, ನಿಮ್ಮೂರಿನ ರಸ್ತೆಯಂಥದೇ ರಸ್ತೆಯಲ್ಲಿ ಓಡಿಸಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ರಸ್ತೆಯ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು - ಆಮೆಯ ಬೆನ್ನಿನ ಹಾಗೆ ನಿಧಾನವಾಗಿ ಏರಿ ಇಳಿಯಬೇಕು. ನಮ್ಮ ಊರುಗಳಲ್ಲಿ ಅಂಥದ್ದನ್ನು ಎಷ್ಟು ಕಂಡಿದ್ದೀರಿ? ಹೆಚ್ಚಿನವು ಗೋಡೆ ಮಲಗಿಸಿದ ಹಾಗಿರುತ್ತವೆ. ಹೊಟ್ಟೆ ತಗ್ಗಿದ, ಉದ್ದನೆಯ ಗಾಡಿಗೆ ಇವೇ ಶತ್ರು.

ನನ್ನ ನೆಂಟರೊಬ್ಬರು ಬೆಂಗಳೂರಿನಲ್ಲಿ ಇಂಥದೇ ಜಾತಿಯ ಒಂದು ಗಾಡಿ ಕೊಂಡರು (ಕಂಪನಿ ಯಾವುದು ಎಂಬುದು ಬೇಡ). ಊರಿನ ಜಾತ್ರೆಗೆ ಬಂದಾಗ ಎರಡು ಹಂಪು ದಾಟುವಷ್ಟರಲ್ಲಿ ಅಡಿಭಾಗ ಕಿರ್ರೆಂದು ಉಜ್ಜಿತು. ಮಾರನೆಯ ವರ್ಷದಿಂದ ಗಾಡಿಯನ್ನು ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಆಟೋದಲ್ಲಿ ಮನೆಗೆ ಬರುತ್ತಿದ್ದಾರೆ! ಊರಿಗೆ ತೋರಿಸಲು ಕೊಂಡ ಕಾರನ್ನು ಊರೇ ನೋಡಲಿಲ್ಲ.

ಟೈರಿನ ಮೇಲಿನ ಅಂಕಿ

ಟೈರಿನ ಪಕ್ಕದಲ್ಲಿ ಅಂಕಿಗಳು ಇರುತ್ತವೆ, ಓದುವುದು ಸುಲಭ. ಈ ಜಾತಿಯ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಅಳತೆ 225/40 ಆರ್ 18. ಟೈರಿನ ಅಗಲ 225 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 40, ಅಂದರೆ 90 ಮಿಲಿಮೀಟರು. ಸಾಧಾರಣ ಕಾರಿನ 165/80 ಆರ್ 14 ಟೈರಿಗೆ ಅದೇ ಲೆಕ್ಕ ಹಾಕಿ - 132 ಮಿಲಿಮೀಟರು! ಗುಂಡಿಗೆ ಬಿದ್ದಾಗ ಪೆಟ್ಟು ತಿಂದು ನಮ್ಮನ್ನು ಕಾಯುವುದು ಈ ರಬ್ಬರಿನ ಗೋಡೆ. ಗೋಡೆ ಕಿರಿದಾದಷ್ಟೂ ನೋಟ ಚೆಂದ, ತಿರುವು ಚುರುಕು. ಆದರೆ ಬೆನ್ನಿಗೆ ಪೆಟ್ಟು, ಚಕ್ರದ ರಿಮ್ಮಿಗೂ ಪೆಟ್ಟು.

ಕೆಲವು ಗಾಡಿಗಳಿಗೆ 'ರನ್ ಫ್ಲಾಟ್' ಟೈರು ಇರುತ್ತದೆ. ಗಾಳಿ ಹೋದರೂ ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ರಾತ್ರಿ ಹೊತ್ತು ಹೆಂಗಸರು ಮಕ್ಕಳು ಹೊರಟಾಗ ಇದು ದೊಡ್ಡ ಅನುಕೂಲ. ಆದರೆ ಗೋಡೆ ಗಡುಸಾದ್ದರಿಂದ ಕುಲುಕಾಟ ಹೆಚ್ಚು, ಬೆಲೆಯೂ ಹೆಚ್ಚು. ಒಂದು ಟೈರಿಗೆ ಎಷ್ಟು, ನಿಮ್ಮೂರಿಗೆ ಹತ್ತಿರ ಎಲ್ಲಿ ಸಿಗುತ್ತದೆ ಎಂದು ಕೇಳಿ ಬರೆದುಕೊಳ್ಳಿ.

ಹಳೆಯ ಗಾಡಿಯ ಆಸೆ

"ಹೊಸದು ದುಬಾರಿ, ಎರಡನೇ ಕೈ ಗಾಡಿ ಅರ್ಧ ಬೆಲೆಗೆ ಸಿಗುತ್ತೆ" ಎಂದು ಮಾತು ತಿರುಗಬಹುದು. ನೆನಪಿಡಿ, ಕೊಳ್ಳುವ ಬೆಲೆ ಅರ್ಧವಾದರೂ ರಿಪೇರಿಯ ಬೆಲೆ ಅರ್ಧವಾಗುವುದಿಲ್ಲ. ಬಂಪರು, ದೀಪ, ಗೇರ್ ಪೆಟ್ಟಿಗೆ ಎಲ್ಲಕ್ಕೂ ಹೊಸ ಗಾಡಿಯದೇ ದರ.

ಡೀಸೆಲ್ ಗಾಡಿಯಾದರೆ ಇನ್ನೊಂದು ವಿಷಯ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಬಿಡದೆ ಓಡಿದಾಗ ಅದು ಕಾದು, ಮಸಿ ಸುಟ್ಟುಹೋಗಿ ತಾನೇ ಶುದ್ಧವಾಗುತ್ತದೆ. ಬರೀ ಸಂತೆಗೆ, ದೇವಸ್ಥಾನಕ್ಕೆ, ಮಂಡಿಗೆ ಅಂತ ಎರಡೆರಡು ಮೈಲಿ ಓಡಿಸುತ್ತಿದ್ದರೆ ಜರಡಿ ಕಟ್ಟಿಕೊಳ್ಳುತ್ತದೆ. ಕಾಫಿ ಸೋಸುವ ಜರಡಿ ತೊಳೆಯದೆ ಬಿಟ್ಟ ಹಾಗೆ. ಪೆಟ್ರೋಲ್ ಗಾಡಿಯಾದರೆ ಇಂಧನ ತುಂಬುವ ಮುಚ್ಚಳದ ಒಳಗಿನ ಚೀಟಿ ಓದಿ; ಎಥೆನಾಲ್ ಶೇ. 20 ಬೆರೆಸಿದ ಪೆಟ್ರೋಲ್ ಆಗುತ್ತದೆಯೋ ಇಲ್ಲವೋ ಅಲ್ಲಿ ತಿಳಿಯುತ್ತದೆ.

ಹೊರ ರಾಜ್ಯದ ಗಾಡಿ ಅಗ್ಗಕ್ಕೆ ಬಂತು ಎಂದರೆ ಎರಡು ಸಲ ಯೋಚಿಸಿ. ಅಲ್ಲಿನ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರ ಬೇಕು, ಅದು 28ನೇ ನಮೂನೆ. ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆ. ಹಳೆಯ ಸಾಲ ತೀರಿದೆ ಎಂಬುದಕ್ಕೆ ಬ್ಯಾಂಕಿನ ಪತ್ರದ ಜೊತೆ 35ನೇ ನಮೂನೆ. ಆಮೇಲೆ ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಕರ್ನಾಟಕದ ಲೈಫ್ ಟ್ಯಾಕ್ಸ್ ಬೇರೆ!

ಲೆಕ್ಕದ ಪುಸ್ತಕ

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲೆಂದು ಷೋರೂಮ್ ಬೆಲೆ 45 ಲಕ್ಷ ಅಂತ ಹಿಡಿಯೋಣ. ಜಿ.ಎಸ್.ಟಿ. ಅದರೊಳಗೇ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರಿಗಿಂತ ಉದ್ದದ ಇಂಥ ಕಾರುಗಳಿಗೆ ಅದು ಶೇಕಡಾ 40, ಚಿಕ್ಕ ಇಂಜಿನಿನ ಪುಟ್ಟ ಕಾರುಗಳಿಗೆ ಶೇಕಡಾ 18.

ಇದರ ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್. 20 ಲಕ್ಷ ಮೀರಿದ ಕಾರಿಗೆ ಶೇಕಡಾ 18, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಎಲ್ಲ ಸೇರಿ ಹತ್ತಿರ ಹತ್ತಿರ 9 ಲಕ್ಷ ರೂಪಾಯಿ! ಒಂದು ಒಳ್ಳೆಯ ಸಾಧಾರಣ ಕಾರಿನ ಬೆಲೆ ತೆರಿಗೆಗೇ ಹೋಯಿತು. 10 ಲಕ್ಷ ಮೀರಿದ ಗಾಡಿಗೆ ಶೇಕಡಾ 1ರಷ್ಟು ತೆರಿಗೆ ಮೊದಲೇ ಹಿಡಿಯುತ್ತಾರೆ, ಅದು ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ. ವಿಮೆಯ ಕಂತು ಬೇರೆ. ಅಂತೂ 45 ಲಕ್ಷದ ಕಾರು ಮನೆಗೆ ಬರುವಾಗ 54 ಲಕ್ಷ ದಾಟಿರುತ್ತದೆ.

35 ಲಕ್ಷ ಸಾಲ ಮಾಡಿದಿರಿ ಎನ್ನಿ. ಬಡ್ಡಿ ಶೇಕಡಾ 9, ಅವಧಿ 7 ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 56,300 ರೂ. ಬಡ್ಡಿಯೇ 12 ಲಕ್ಷಕ್ಕೂ ಮೇಲೆ. 5 ವರ್ಷಕ್ಕಾದರೆ ಕಂತು 72,650 ರೂ., ಬಡ್ಡಿ ಎಂಟೂವರೆ ಲಕ್ಷ. ಪೆಟ್ರೋಲಿಗೆ ತಿಂಗಳಿಗೆ 1,000 ಕಿ.ಮೀ. ಓಟ, ಲೀಟರಿಗೆ 12 ಕಿ.ಮೀ., ಬೆಲೆ 100 ರೂ. ಅಂತ ಹಿಡಿದರೂ 8,300 ರೂ.

ಬಂಗಾರ ಕೊಂಡರೆ ಕಷ್ಟಕಾಲಕ್ಕೆ ಆಗುತ್ತದೆ, ಕಾರು ಹಾಗಲ್ಲ. ವಿಮೆ ಕಂಪನಿಗಳ ಪಟ್ಟಿಯಲ್ಲಿ ಗಾಡಿಯ ಬೆಲೆಯನ್ನು ಎರಡನೆಯ ವರ್ಷ ಶೇಕಡಾ 20, ಐದನೆಯ ವರ್ಷ ಶೇಕಡಾ 50 ಇಳಿಸಿ ಲೆಕ್ಕ ಹಾಕುತ್ತಾರೆ. ಅದೂ ಷೋರೂಮ್ ಬೆಲೆಯ ಮೇಲೆ. ಕಟ್ಟಿದ 9 ಲಕ್ಷ ಟ್ಯಾಕ್ಸು ಆ ಲೆಕ್ಕಕ್ಕೇ ಬರುವುದಿಲ್ಲ.

ನಿಮ್ಮ ಸಹಿಯ ಬೆಲೆ

ಸೋದರಿ, ನಿಮ್ಮ ಪತ್ರದ ಮುಖ್ಯ ಮಾತು ಇದು. ಸಾಲದ ಕಾಗದಕ್ಕೆ ಜೊತೆಯ ಸಾಲಗಾರಳಾಗಿ ಸಹಿ ಹಾಕಿದರೆ ಅದು ಸಾಕ್ಷಿಯ ಸಹಿಯಲ್ಲ. ಸಾಲ ನಿಮ್ಮದೂ ಹೌದು. ಕಂತು ತಪ್ಪಿದರೆ ಬ್ಯಾಂಕಿನವರು ನಿಮ್ಮನ್ನೂ ಕೇಳಬಹುದು, ನಿಮ್ಮ ಹೆಸರಿಗೂ ಕಪ್ಪು ಚುಕ್ಕೆ ಬೀಳುತ್ತದೆ. ಗಾಡಿ ಮಾತ್ರ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರದು. ಸಾಲ ಇಬ್ಬರ ಹೆಸರಿಗೆ, ಕಾರು ಒಬ್ಬರ ಹೆಸರಿಗೆ! 2021ರಿಂದ ಆರ್.ಸಿ.ಯಲ್ಲಿ ನಾಮಿನಿಯ ಹೆಸರು ಬರೆಸಲು ಅವಕಾಶವಿದೆ. ನಿಮ್ಮ ಹೆಸರು ಬರೆಸಿ. ಕಾರಿನ ಜೊತೆ ಮಾಲೀಕ-ಚಾಲಕನಿಗೆಂದು ಮಾಡಿಸುವ 15 ಲಕ್ಷದ ಅಪಘಾತ ವಿಮೆ ಮಾಲೀಕನಿಗೆ ಮಾತ್ರ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಮಗ ಓಡಿಸುವುದಾದರೆ, ಅವನಿಗೂ ಹಿಂದೆ ಕೂರುವವರಿಗೂ ಬೇರೆ ವಿಮೆ ಕೇಳಿ ಮಾಡಿಸಿ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ನಾಳೆ ಮಗಳ ಓದಿಗೆ ವಿದ್ಯಾಭ್ಯಾಸ ಸಾಲ ಬೇಕಾದರೆ ಅಲ್ಲಿಯೂ ತಂದೆ ಅಥವಾ ತಾಯಿ ಜೊತೆ ಸಹಿ ಹಾಕಬೇಕಾಗುತ್ತದೆ. ಆಗ ಬ್ಯಾಂಕಿನವರು ನೋಡುವುದು ನಿಮ್ಮ ಹೆಸರಿನ ಮೇಲೆ ಈಗಾಗಲೇ ಎಷ್ಟು ಸಾಲವಿದೆ, ಕಂತು ಸರಿಯಾಗಿ ಕಟ್ಟಿದ್ದೀರಾ ಎಂಬುದನ್ನೇ. ಇವತ್ತು ಅಣ್ಣನ ಕಾರಿಗೆ ಹಾಕಿದ ಸಹಿ ನಾಳೆ ತಂಗಿಯ ಕಾಲೇಜಿಗೆ ಅಡ್ಡ ಬರಬಾರದು.

ಹಾಗಾದರೆ 'ಬೇಡ' ಅನ್ನಬೇಕೆ? ಅದನ್ನು ನಾನು ಹೇಳುವುದಿಲ್ಲ. ಮಗನ ಆಸೆ ತಪ್ಪಲ್ಲ. ದುಡಿಯುವ ಹುಡುಗ, ಚೆಂದದ ವಸ್ತುವಿಗೆ ಆಸೆ ಪಟ್ಟಿದ್ದಾನೆ. ಜಗಳ ಬೇಡ. ಊಟವಾದ ಮೇಲೆ ಅಪ್ಪ ಮಗ ಇಬ್ಬರನ್ನೂ ಕೂರಿಸಿಕೊಂಡು ಹೀಗೆ ಹೇಳಿ:

"ಆರು ತಿಂಗಳು ಕಾಯೋಣ. ಕಂತು, ಪೆಟ್ರೋಲು, ವಿಮೆ, ರಿಪೇರಿ ಸೇರಿ ತಿಂಗಳಿಗೆ 70 ಸಾವಿರ ಅಂತ ಹಿಡಿಯೋಣ. ಅಷ್ಟನ್ನು ನೀವಿಬ್ಬರೂ ಪ್ರತಿ ತಿಂಗಳು ಒಂದು ಆರ್.ಡಿ. ಖಾತೆಗೆ ಕಟ್ಟಿ. ನನ್ನ ಮಳಿಗೆಯ ಬಾಡಿಗೆ ಮುಟ್ಟಬಾರದು. ಆರು ತಿಂಗಳು ಮನೆ ಎಂದಿನಂತೆ ನಡೆದರೆ 4 ಲಕ್ಷ 20 ಸಾವಿರ ಕೈಯಲ್ಲಿರುತ್ತೆ, ಸಾಲವೂ ಅಷ್ಟು ಕಡಿಮೆಯಾಗುತ್ತೆ. ನಡುವೆ ಎಲ್ಲಾದರೂ ತಪ್ಪಿದರೆ, ಆ ಕಾರು ಈಗ ನಮಗಲ್ಲ ಅಂತ ತಿಳಿಯೋಣ. ಆ ದುಡ್ಡಿಗೆ ಸಾಲವೇ ಇಲ್ಲದೆ ಬೇರೆ ಕಾರಿನ ಮುಂಗಡ ಕೊಡೋಣ."

ಇದಕ್ಕೆ ಯಾವ ಮಗ 'ನಿಂಗೆ ಗೊತ್ತಾಗಲ್ಲ' ಅಂದಾನು? ಅಡಿಕೆ ದರ ಏರಿದ ವರ್ಷ ಎಲ್ಲವೂ ಸುಲಭ ಅನ್ನಿಸುತ್ತದೆ. ಇಳಿದ ವರ್ಷವೂ ಕಂತಿನ ತಾರೀಖು ಮಾತ್ರ ತಪ್ಪದೆ ಬರುತ್ತದೆ. ಅದನ್ನು ನಿಮ್ಮ ಯಜಮಾನರಿಗಿಂತ ಚೆನ್ನಾಗಿ ಯಾರು ಬಲ್ಲರು?

ಆರು ತಿಂಗಳ ನಂತರ ಎಲ್ಲ ಸರಿ ಹೋಗಿ, ಅತ್ತೆಯವರೂ ಸುಲಭವಾಗಿ ಹತ್ತಿ ಇಳಿದು, ಷೆಡ್ಡಿನಲ್ಲಿ ಬಾಗಿಲು ತೆರೆಯುವಷ್ಟು ಜಾಗವೂ ಇದ್ದರೆ ಸಂತೋಷವಾಗಿ ಸಹಿ ಹಾಕಿ. ಗಾಡಿ ಪೂಜೆಯ ದಿನ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಯಾವುದಕ್ಕೂ ಷೆಡ್ಡಿನ ಅಳತೆ ಎಷ್ಟು ಬಂತು ಎಂದು ನನಗೊಂದು ಕಾರ್ಡು ಬರೆಯಿರಿ.